ಹನ್ನೆರಡು ನಿಮಿಷಕ್ಕೊಂದು ತೊಟ್ಟಿಲು

ಕಲಬುರಗಿ ಜಿಲ್ಲೆಯಲ್ಲಿ ಸುಮಾರು ಹನ್ನೆರಡು ನಿಮಿಷಕ್ಕೊಂದು ಕೂಸು ಹುಟ್ಟುತ್ತದೆ. ಲೆಕ್ಕ ಕಷ್ಟದ್ದಲ್ಲ. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 25,66,326. ರಾಜ್ಯದ ಜನನ ಪ್ರಮಾಣ 2020ರಲ್ಲಿ ಸಾವಿರಕ್ಕೆ ಸುಮಾರು 16.5. ಗುಣಿಸಿದರೆ ವರ್ಷಕ್ಕೆ 42 ಸಾವಿರದ ಮೇಲೆ, ದಿನಕ್ಕೆ 116. ಜನಗಣತಿ ಆಗಿ ವರ್ಷಗಳೇ ಕಳೆದಿವೆ, ಜನ ಹೆಚ್ಚಿದ್ದಾರೆ. ನಮ್ಮ ಕಡೆ ಹೆರಿಗೆಯ ಪ್ರಮಾಣ ಬೆಂಗಳೂರು, ಮಂಗಳೂರಿಗಿಂತ ಒಂದು ಕೈ ಮೇಲೆಯೇ. ಹಾಗಾಗಿ ನಿಜವಾದ ಸಂಖ್ಯೆ ಇದಕ್ಕಿಂತ ದೊಡ್ಡದಿದ್ದೀತೇ ಹೊರತು ಸಣ್ಣದಿರಲಾರದು. ಚಿಂಚೋಳಿ ತಾಲೂಕೊಂದನ್ನೇ ತೆಗೆದುಕೊಂಡರೂ, ಎರಡೂವರೆ ಲಕ್ಷ ಜನಕ್ಕೆ ದಿನಕ್ಕೆ ಹನ್ನೊಂದು ಹೆರಿಗೆ. ಸುಲೇಪೇಟದ ಬಸ್‌ ಸ್ಟ್ಯಾಂಡಿನಲ್ಲಿ ಕೂತು ನೀವು ಒಂದು ಚಹಾ ಕುಡಿದು, ಸೇಡಂ ಬಸ್ಸಿಗೆ ಕಾದು, ಅದು ಬರುವಷ್ಟರಲ್ಲಿ ತಾಲೂಕಿನ ಯಾವುದೋ ಮೂಲೆಯಲ್ಲಿ ಒಬ್ಬಳು ಹಡೆದಿರುತ್ತಾಳೆ.

ಪಾವಗಡದ ಸೂಲಗಿತ್ತಿ ನರಸಮ್ಮನವರನ್ನು ನೆನಪಿಸಿಕೊಳ್ಳಿ. ಎಪ್ಪತ್ತು ವರ್ಷ, ಕಾಸು ಮುಟ್ಟದೆ, 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ತಾಯಿ. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಒಂದು ಜೀವಮಾನದ ಆ ದೊಡ್ಡ ಸಂಖ್ಯೆ ಕಲಬುರಗಿ ಜಿಲ್ಲೆಗೆ ಬರೀ ನಾಲ್ಕು ತಿಂಗಳು ಚಿಲ್ಲರೆ ದಿನದ ಕೆಲಸ. ಯುಗಾದಿಗೆ ಶುರು ಮಾಡಿದರೆ ನಾಗರಪಂಚಮಿ ಕಳೆದು ವಾರ ಹತ್ತು ದಿನದಲ್ಲಿ ಮುಗಿದಿರುತ್ತದೆ.

ಈಗ ಇದೇ 42 ಸಾವಿರ ಹೆರಿಗೆಯನ್ನು ಬೇರೆ ಬೇರೆ ಕಾಲಕ್ಕೆ, ಬೇರೆ ಬೇರೆ ನಾಡಿಗೆ ಒಯ್ದು ನೋಡೋಣ. ತಾಯಂದಿರ ಸಾವನ್ನು ಒಂದು ಲಕ್ಷ ಜೀವಂತ ಜನನಕ್ಕೆ ಇಷ್ಟು ಎಂದು ಎಣಿಸುತ್ತಾರೆ. ಓದುವವರ ತಲೆಗೆ ಅದು ಹೋಗುವುದಿಲ್ಲ. ಲಕ್ಷ ಹೆರಿಗೆಯನ್ನು ಯಾರು ಕಂಡಿದ್ದಾರೆ? ನಮ್ಮ ಜಿಲ್ಲೆಯ ಅಳತೆಗೆ ಇಳಿಸಿದರೆ ಅದಕ್ಕೆ ಮುಖ ಬರುತ್ತದೆ.

1946ರ ಭೋರ್ ಸಮಿತಿಯ ವರದಿ ಬ್ರಿಟಿಷ್ ಇಂಡಿಯಾದಲ್ಲಿ ಸಾವಿರ ಹೆರಿಗೆಗೆ 20 ತಾಯಂದಿರು ಸಾಯುತ್ತಾರೆ, ವರ್ಷಕ್ಕೆ ಸುಮಾರು ಎರಡು ಲಕ್ಷ ಜನ ಎಂದು ಅಂದಾಜು ಮಾಡಿತ್ತು. ಆಗ ಸುಲೇಪೇಟ, ಸೇಡಂ, ಚಿತ್ತಾಪುರ, ಶಹಾಬಾದ ಎಲ್ಲ ನಿಜಾಮನ ರಾಜ್ಯದಲ್ಲಿದ್ದವು. ಇಲ್ಲಿನ ಹಣೆಬರಹ ಅದಕ್ಕಿಂತ ಚೆನ್ನಾಗಿತ್ತೆಂದು ನಂಬಲು ಕಾರಣವಿಲ್ಲ. ಆ ಪ್ರಮಾಣ ಇವತ್ತಿಗೂ ಇದ್ದಿದ್ದರೆ ಈ ಜಿಲ್ಲೆಯೊಂದರಲ್ಲೇ ವರ್ಷಕ್ಕೆ ಸುಮಾರು 845 ಬಾಣಂತಿಯರ ಹೆಣ ಏಳುತ್ತಿತ್ತು. ದಿನಕ್ಕೆ ಎರಡಕ್ಕಿಂತ ಹೆಚ್ಚು. 2001–03ರ ಕರ್ನಾಟಕದ ಪ್ರಮಾಣ ಲಕ್ಷಕ್ಕೆ 228, ಹಾಗಿದ್ದಿದ್ದರೆ 96. 2018–20ರಲ್ಲಿ ಅದು 69ಕ್ಕೆ ಇಳಿಯಿತು. ಆ ಲೆಕ್ಕಕ್ಕೆ 29. ಎಂಟುನೂರ ನಲವತ್ತೈದರಿಂದ ಇಪ್ಪತ್ತೊಂಬತ್ತಕ್ಕೆ! ಮೂರು ತಲೆಮಾರಿನಲ್ಲಿ ಆದ ಇಂಥ ಪವಾಡಕ್ಕೆ ಯಾವ ಊರಿನಲ್ಲೂ ಜಾತ್ರೆ ಮಾಡಿಲ್ಲ.

ಆದರೆ ಅದೇ 2018–20ರಲ್ಲಿ ಕೇರಳದ ಪ್ರಮಾಣ 19. ನಮ್ಮ ಜಿಲ್ಲೆಗೆ ಆ ಅಳತೆ ಹಾಕಿದರೆ 8. ಗಡಿಯಾಚೆಯ ತೆಲಂಗಾಣದ್ದು 43, ಅಂದರೆ 18. ಸುಲೇಪೇಟಕ್ಕೆ ತಾಂಡೂರು ಕಲಬುರಗಿಗಿಂತ ಹತ್ತಿರ. ಒಂದೇ ನಿಜಾಮನ ಕೆಳಗೆ ಇದ್ದ ನೆಲ, ಒಂದೇ ಕಪ್ಪು ಮಣ್ಣು, ಒಂದೇ ತೊಗರಿ. ದಕ್ಷಿಣದ ಐದು ರಾಜ್ಯಗಳಲ್ಲಿ ಆ ವರ್ಷಗಳಲ್ಲಿ ಅತಿ ಹೆಚ್ಚು ತಾಯಂದಿರನ್ನು ಕಳೆದುಕೊಂಡ ಪ್ರಮಾಣ ನಮ್ಮದು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಅಂದಾಜಿನಂತೆ ದಕ್ಷಿಣ ಸುಡಾನಿನಲ್ಲಿ ಲಕ್ಷಕ್ಕೆ 1,223. ಅಲ್ಲಿಯ ದರ ಇಲ್ಲಿ ಬಂದರೆ ಸುಮಾರು 517 ಸಾವು. ನಾರ್ವೆಯ ದರ ಬಂದರೆ ವರ್ಷಕ್ಕೆ ಒಂದು ಸಾವೂ ತುಂಬುವುದಿಲ್ಲ. ಹೆಣ್ಣಿನ ಮೈ ಎಲ್ಲ ಕಡೆ ಒಂದೇ. ಎಂಟುನೂರ ನಲವತ್ತೈದೂ ಸೊನ್ನೆಯೂ ಅದೇ ಮೈಗೆ ಬರೆದ ಸಂಖ್ಯೆಗಳು. ನಡುವೆ ಬದಲಾಗುವುದು ದಾರಿ, ದವಾಖಾನೆ, ರಕ್ತ, ಗುಳಿಗೆ ಮತ್ತು ಗಡಿಯಾರ.

ಆ ಮೈಯ ಒಳಗಿನ ಅಂಕಿಗಳನ್ನು ಒಮ್ಮೆ ನೋಡಬೇಕು. ಹೊರಗಿನ ಅಂಕಿಗಳೆಲ್ಲ ಅದರ ಮುಂದೆ ಸಪ್ಪೆ.

ಬಸುರಿಯಲ್ಲದ ಹೆಂಗಸಿನ ಗರ್ಭಕೋಶ ಸುಮಾರು 70 ಗ್ರಾಂ ತೂಗುತ್ತದೆ. ದಿನ ತುಂಬಿದಾಗ ಅದೇ 1,100 ಗ್ರಾಂ. ಕೂಸಿನ ತೂಕ ಬೇರೆ, ಇದು ಬರೀ ಚೀಲದ ತೂಕ. ಮೊದಲು ಅದರೊಳಗೆ ನಿಮಿಷಕ್ಕೆ ಸುಮಾರು 50 ಮಿಲಿ ಲೀಟರ್ ರಕ್ತ ಹರಿಯುತ್ತಿತ್ತು. ಒಂಬತ್ತನೆಯ ತಿಂಗಳಲ್ಲಿ 500ರಿಂದ 700. ನಡುವೆ 600 ಎಂದು ಹಿಡಿದರೆ ತಾಸಿಗೆ 36 ಲೀಟರ್, ಬಾವಿಯಿಂದ ಹೊತ್ತು ತರುವ ಮೂರು ಕೊಡ. ದಿನಕ್ಕೆ 860 ಲೀಟರ್ ದಾಟುತ್ತದೆ. ತೊಗರಿ ಹೊಲದಲ್ಲಿ ಬಗ್ಗಿ ಕಳೆ ತೆಗೆಯುತ್ತಿರುವ ಏಳೆಂಟು ತಿಂಗಳ ಬಸುರಿ ಹೊರಗೆ ಒಂದು ಕೊಡ ಹೊತ್ತಿರಬಹುದು. ಒಳಗೆ ಅವಳು ಹೊರುತ್ತಿರುವುದಕ್ಕೆ ಲೆಕ್ಕ ಇಟ್ಟವರಿಲ್ಲ.

ಇಷ್ಟು ರಕ್ತ ಎಲ್ಲಿಂದ ಬರಬೇಕು? ಮೈ ತಾನೇ ತಯಾರಿಸಿಕೊಳ್ಳುತ್ತದೆ. ನಾಲ್ಕೂವರೆ ಲೀಟರ್ ಇದ್ದದ್ದು ಹೆರಿಗೆ ಹೊತ್ತಿಗೆ ಆರರ ಆಸುಪಾಸಿಗೆ ಏರುತ್ತದೆ. ಆ ಒಂದೂವರೆ ಲೀಟರ್ ಹೆರಿಗೆಯಲ್ಲಿ ಆಗುವ ನಷ್ಟಕ್ಕೆ ಮುಂಗಡ ಜಮಾ. ಮಾಸು ಅಂಟಿಕೊಂಡ ಜಾಗದಲ್ಲಿ ಸುಮಾರು ನೂರು ರಕ್ತನಾಳಗಳ ಬಾಯಿ ತೆರೆದಿರುತ್ತವೆ. ಮಾಸು ಕಳಚಿ ಬಿದ್ದ ಕ್ಷಣ ಆ ನೂರೂ ಬಾಯಿ ಒಟ್ಟಿಗೆ ಮುಚ್ಚಬೇಕು. ಮುಚ್ಚಲು ಅಲ್ಲಿ ಬೇರೆ ಬಾಗಿಲಿಲ್ಲ. ಗರ್ಭಕೋಶದ ಸ್ನಾಯುವೇ ಗಟ್ಟಿಯಾಗಿ ಹಿಂಡಿಕೊಂಡು ನಾಳಗಳನ್ನು ಅಮುಕಬೇಕು. ಹತ್ತರಲ್ಲಿ ಒಂಬತ್ತು ಸಲ ಅಮುಕುತ್ತದೆ. ಸ್ನಾಯು ಸೋತು ಮೆತ್ತಗಾದರೆ, ಆರು ಲೀಟರಿನ ಮೈಯಿಂದ ಅಷ್ಟೂ ದೊಡ್ಡ ಪ್ರವಾಹ ಹೊರಗೆ ತಿರುಗುತ್ತದೆ.

ಅದಕ್ಕೇ ಹೆರಿಗೆ ನಂತರದ ರಕ್ತಸ್ರಾವಕ್ಕೆ ವೈದ್ಯರು ಕೊಡುವ ಗಡುವು ಸರಾಸರಿ ಎರಡು ತಾಸು. ಕೂಸು ಅಡ್ಡ ಸಿಕ್ಕಿಕೊಂಡರೆ ಎರಡು ಮೂರು ದಿನ ಸಿಗುತ್ತದೆ. ಬಿಪಿ ಏರಿ ಫಿಟ್ಸ್ ಬಂದರೆ ಎರಡು ದಿನ. ನಂಜು ಏರಿದರೆ ಆರು ದಿನ. ರಕ್ತ ಹೋಗಲು ಹತ್ತಿದರೆ ಎರಡು ತಾಸು, ಅಷ್ಟೇ.

ಈ ಎರಡು ತಾಸನ್ನು ಸುಲೇಪೇಟದ ಯಾವುದಾದರೂ ತಾಂಡಾದಲ್ಲಿ ಇಟ್ಟು ನೋಡಿ. ಕಲಬುರಗಿ ಅರವತ್ತು ಕಿಲೋಮೀಟರಿಗೂ ಹೆಚ್ಚು. ರಸ್ತೆ ಸುಖವಾಗಿದ್ದರೆ ಒಂದೂವರೆ ತಾಸು. ಮನೆಯಲ್ಲಿ "ಹೀಂಗೇ ಹೋಗ್ತದ, ಎಲ್ಲಾರಿಗೂ ಹೋಗ್ತದ" ಎಂದು ಅತ್ತಿ ಹೇಳಿ, ಗಂಡ ಹೊಲದಿಂದ ಬಂದು, ನಾಲ್ಕು ಹಿರಿಯರು ತೀರ್ಮಾನ ಮಾಡಲು ಕನಿಷ್ಠ ಕಾಲು ತಾಸು ಎನ್ನಿ. ಅದು ದಾಕ್ಷಿಣ್ಯದ ಲೆಕ್ಕ. 108 ಆಂಬ್ಯುಲೆನ್ಸ್ ಬರಲು ಅರ್ಧ ತಾಸು. ಕೂಡಿಸಿದರೆ ಎರಡೂಕಾಲು ತಾಸು. ಗಡುವು ದಾರಿಯಲ್ಲೇ, ಕಾಳಗಿ ದಾಟಿದ ಮೇಲೆ ಎಲ್ಲೋ ಮುಗಿದಿರುತ್ತದೆ. ಇದಕ್ಕೆ ಶಾಸ್ತ್ರದಲ್ಲಿ ಮೂರು ತಡ ಎನ್ನುತ್ತಾರೆ: ಹೊರಡಲು ತಡ, ಮುಟ್ಟಲು ತಡ, ಮುಟ್ಟಿದ ಮೇಲೆ ಚಿಕಿತ್ಸೆ ಸಿಗಲು ತಡ. ನಮ್ಮ ಕಡೆ ನಾಲ್ಕನೆಯದೂ ಒಂದಿದೆ. ಚಿಂಚೋಳಿ, ಸೇಡಂ ಎಂದು ಇಳಿಸಿ, "ಇಲ್ಲಿ ಆಗಂಗಿಲ್ಲ, ಮುಂದ ಒಯ್ರಿ" ಎನ್ನಿಸಿಕೊಂಡು ಮತ್ತೆ ಹತ್ತುವುದು.

108 ಕರ್ನಾಟಕಕ್ಕೆ ಬಂದದ್ದು 2008ರ ರಾಜ್ಯೋತ್ಸವದ ದಿನ. ಏಳುನೂರು ಚಿಲ್ಲರೆ ಗಾಡಿಗಳು. ರಾಜ್ಯದ ವಿಸ್ತೀರ್ಣ 1,91,791 ಚದರ ಕಿಲೋಮೀಟರ್. ಭಾಗಿಸಿದರೆ ಒಂದೊಂದು ಗಾಡಿಗೆ 270 ಚದರ ಕಿಲೋಮೀಟರ್ ಬರುತ್ತದೆ. ಅಂದರೆ ಹದಿನಾರು ಕಿಲೋಮೀಟರ್ ಉದ್ದ, ಹದಿನಾರು ಅಗಲದ ಒಂದು ಚೌಕ. ಅದರೊಳಗಿನ ಎದೆನೋವು, ಹಾವು ಕಡಿತ, ರಸ್ತೆ ಅಪಘಾತ, ಹೆರಿಗೆ ಬೇನೆ ಎಲ್ಲಕ್ಕೂ ಆ ಒಂದೇ ಗಾಡಿ. ಇಷ್ಟರ ಮೇಲೂ ಅದು ಬರುತ್ತದೆಂಬುದೇ ನನಗೆ ಆಶ್ಚರ್ಯ.

ದವಾಖಾನೆಯಲ್ಲಿ ಹೆರುವವರ ಸಂಖ್ಯೆ ಏರಿದ ಪರಿಯೂ ಅಷ್ಟೇ ಬೆರಗಿನದು. 1992–93ರಲ್ಲಿ ಕರ್ನಾಟಕದಲ್ಲಿ ನೂರಕ್ಕೆ 38 ಹೆರಿಗೆ ಆಸ್ಪತ್ರೆಯಲ್ಲಿ. 2005–06ರಲ್ಲಿ 65. 2019–21ರ ಸಮೀಕ್ಷೆಯಲ್ಲಿ 97. ಆ ಮೊದಲ ಸಮೀಕ್ಷೆಯ ವರ್ಷ ಮನೆಯ ಮೂಲೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ ಹುಟ್ಟಿದ ಹುಡುಗಿಯರೇ ದೊಡ್ಡವರಾಗಿ ದವಾಖಾನೆಯ ಮಂಚದ ಮೇಲೆ ಹಡೆದಿದ್ದಾರೆ. ಒಂದೇ ತಲೆಮಾರು! ಇದನ್ನು ಮಾಡಿಸಿದ್ದು ಜಾಹೀರಾತಲ್ಲ. ಬಿಸಿಲಲ್ಲಿ ತಾಂಡಾ ತಾಂಡಾ ತಿರುಗಿದ ಆಶಾ ಅಕ್ಕಂದಿರು. ರಾಜ್ಯದಲ್ಲಿ ಅವರು ಸುಮಾರು 42 ಸಾವಿರ. ಸಾವಿರ ಜನಕ್ಕೊಬ್ಬರು. ಸಾವಿರ ಜನದಲ್ಲಿ ವರ್ಷಕ್ಕೆ ಹದಿನಾರು ಹದಿನೇಳು ಬಸುರಿಯರು. ಒಬ್ಬೊಬ್ಬಳಿಗೆ ನಾಲ್ಕು ತಪಾಸಣೆ, ಹೆತ್ತ ಮೇಲೆ ಮನೆಗೆ ಆರು ಭೇಟಿ. ಒಬ್ಬ ಆಶಾಗೆ 170 ಸಲ ನಡಿಗೆ, ಎಲ್ಲರನ್ನೂ ಕೂಡಿಸಿದರೆ 71 ಲಕ್ಷ. ಅವರಿಗೆ ಸಿಗುವುದು ಸಂಬಳವಲ್ಲ, ಗೌರವಧನ ಮತ್ತು ಕೆಲಸಕ್ಕಿಷ್ಟು ಎಂಬ ಪುಡಿಗಾಸು. ಅದಕ್ಕಾಗಿಯೇ 2025ರ ಜನವರಿಯ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಮಲಗಬೇಕಾಯಿತು.

ಈಗ ಒಂದು ಗುಳಿಗೆಯನ್ನು ಕೈಗೆ ತೆಗೆದುಕೊಳ್ಳೋಣ. ಕೆಂಪು ಗುಳಿಗೆ. ಅಂಗನವಾಡಿಯಲ್ಲೋ ಉಪಕೇಂದ್ರದಲ್ಲೋ ಪುಕ್ಕಟೆ ಸಿಗುತ್ತದೆ. ಒಳಗೆ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ. ಒಟ್ಟು 10,800 ಮಿಲಿಗ್ರಾಂ ಕಬ್ಬಿಣ ಹೊಟ್ಟೆಗೆ ಹೋಯಿತು. ಕರುಳು ಅದರಲ್ಲಿ ಹೀರಿಕೊಳ್ಳುವುದು ಹೆಚ್ಚೂಕಡಿಮೆ ಹತ್ತನೇ ಒಂದು ಪಾಲು, ಅಂದರೆ ಒಂದು ಸಾವಿರ ಮಿಲಿಗ್ರಾಂ. ಇಡೀ ಬಸುರಿಗೆ ಬೇಕಾದ ಕಬ್ಬಿಣ ಎಷ್ಟು? ಕೂಸು ಮತ್ತು ಮಾಸಿಗೆ 300, ತಾಯಿಯ ಹೆಚ್ಚಿನ ರಕ್ತಕ್ಕೆ 500, ದಿನನಿತ್ಯ ಸವೆಯುವುದು 200. ಒಟ್ಟು ಒಂದು ಸಾವಿರ. ಎರಡೂ ಲೆಕ್ಕ ಹೀಗೆ ಬಂದು ಕೂಡುವುದು ನೋಡಿದರೆ ಗುಳಿಗೆ ಮಾಡಿದವನಿಗೆ ಕೈ ಮುಗಿಯಬೇಕೆನಿಸುತ್ತದೆ. ಆದರೆ ಒಂದು ತಿಂಗಳ ಗುಳಿಗೆ ತಪ್ಪಿದರೆ ಆರನೇ ಒಂದು ಪಾಲು ತಪ್ಪಿತು. ಅದನ್ನು ಚಹಾದ ಜೊತೆ ನುಂಗಿದರೆ ಇನ್ನೊಂದಿಷ್ಟು ಚಹಾಕ್ಕೇ ಹೋಯಿತು.

"ಗುಳಿಗಿ ತಗೋತೀಯೇನ್ ತಂಗಿ?"

"ತಗೊಂಡ್ರ ಹೊಟ್ಟಿ ತೊಳಸ್ತದ್ರಿ ಅಕ್ಕ. ಕೂಸು ಕಪ್ಪ ಆಗ್ತದಂತ ಅತ್ತಿ ಅಂತಾರ."

ಉಪಕೇಂದ್ರಗಳಲ್ಲಿ ಈ ಮಾತು ದಿನಕ್ಕೆ ಎಷ್ಟು ಸಲ ನಡೆಯುತ್ತದೋ! ಕಪ್ಪಾಗುವುದು ಕೂಸಲ್ಲ, ಮಲ. ರಾತ್ರಿ ಊಟವಾದ ಮೇಲೆ, ಲಿಂಬೆ ನೀರಿನ ಜೊತೆ ತೆಗೆದುಕೊಂಡರೆ ಹೊಟ್ಟೆ ತೊಳಸುವುದೂ ಕಡಿಮೆ. ಇಷ್ಟನ್ನು ಕೂತು ಹೇಳಲು ಯಾರಿಗೂ ಪುರುಸೊತ್ತಿಲ್ಲ. ಕಡೆಗೆ ದೇಶದಲ್ಲಿ 180 ದಿನವೂ ಗುಳಿಗೆ ನುಂಗುವವರು ನೂರಕ್ಕೆ 26. ಅದೇ 2019–21ರ ಸಮೀಕ್ಷೆಯಲ್ಲಿ ದೇಶದ ಬಸುರಿಯರಲ್ಲಿ ನೂರಕ್ಕೆ 52 ಜನರಿಗೆ ರಕ್ತ ಕಡಿಮೆ, ಕರ್ನಾಟಕದಲ್ಲಿ 46.

ರಕ್ತ ಕಡಿಮೆ ಎನ್ನುವುದನ್ನು ನಾವು ಸುಸ್ತು ಎಂದಷ್ಟೇ ಓದುತ್ತೇವೆ. ಅದರ ನಿಜವಾದ ಕ್ರೌರ್ಯ ಒಂದು ಸಣ್ಣ ಗುಣಾಕಾರದಲ್ಲಿದೆ. ಇಬ್ಬರು ತುಂಬು ಬಸುರಿಯರು, ಇಬ್ಬರಿಗೂ ಆರು ಲೀಟರ್ ರಕ್ತ. ಒಬ್ಬಳ ಹಿಮೋಗ್ಲೋಬಿನ್ 12, ಇನ್ನೊಬ್ಬಳದು 7. ಮೊದಲಿನವಳ ಮೈಯಲ್ಲಿ ಒಟ್ಟು 720 ಗ್ರಾಂ ಹಿಮೋಗ್ಲೋಬಿನ್, ಎರಡನೆಯವಳಲ್ಲಿ 420. ಮೊದಲಿನವಳು 420ಕ್ಕೆ ಇಳಿಯಬೇಕಾದರೆ ಎರಡೂವರೆ ಲೀಟರ್ ರಕ್ತ ಸುರಿಯಬೇಕು. ಅಂದರೆ 7 ಇರುವ ಹೆಂಗಸು ಹೆರಿಗೆ ಕೋಣೆಯ ಹೊಸ್ತಿಲು ದಾಟುವಾಗಲೇ ಎರಡೂವರೆ ಲೀಟರ್ ಕಳೆದುಕೊಂಡು ಬಂದವಳು. ಅವಳಿಗೆ ಆ ಎರಡು ತಾಸಿನ ಗಡುವೂ ಸಿಗುವುದಿಲ್ಲ.

ಇಲ್ಲಿಗೆ ಬೆಳಗಾವಿಯ ಕತೆ ಬರಬೇಕು. ಜಗತ್ತಿನ ಹೆರಿಗೆ ಕೋಣೆಗಳಿಗೆ ಕನ್ನಡದ ನೆಲ ಕೊಟ್ಟ ಎರಡು ಕಾಣಿಕೆಗಳ ಕತೆ ಅದು. ನಮ್ಮಲ್ಲಿ ಇದನ್ನು ಬಲ್ಲವರು ಕಡಿಮೆ. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಡಾ. ಭಾಲಚಂದ್ರ ಕೊಡಕಣಿ, ಡಾ. ಶಿವಪ್ರಸಾದ ಗೌಡರ ಮುಂತಾದವರು ಅಮೆರಿಕದ ಡಾ. ರಿಚರ್ಡ್ ಡರ್ಮನ್ ತಂಡದ ಜೊತೆ 2002ರಿಂದ 2005ರವರೆಗೆ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಪ್ರಯೋಗ ಮಾಡಿದರು. 1,620 ಹೆರಿಗೆಗಳು, ಹೆಚ್ಚಿನವು ಮನೆಯಲ್ಲೋ ಉಪಕೇಂದ್ರದಲ್ಲೋ, ನರ್ಸಬಾಯಿಯರ ಕೈಯಲ್ಲಿ. 812 ಜನರಿಗೆ ಹೆತ್ತ ಕೂಡಲೇ ಮಿಸೊಪ್ರೊಸ್ಟಾಲ್ ಗುಳಿಗೆ, 808 ಜನರಿಗೆ ನೋಡಲು ಅದರಂತೆಯೇ ಇದ್ದ ಖಾಲಿ ಗುಳಿಗೆ. ಖಾಲಿ ಗುಳಿಗೆಯವರಲ್ಲಿ ನೂರಕ್ಕೆ 12 ಜನ ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಕಳೆದುಕೊಂಡರು. ಔಷಧಿ ತಿಂದವರಲ್ಲಿ 6.4. ಒಂದು ಲೀಟರ್ ದಾಟಿದ ಭಾರೀ ಸ್ರಾವ 1.2ರಿಂದ 0.2ಕ್ಕೆ ಇಳಿಯಿತು. ಹದಿನೆಂಟು ಹೆಂಗಸರಿಗೆ ಕೊಟ್ಟರೆ ಒಬ್ಬಳನ್ನು ರಕ್ತಸ್ರಾವದಿಂದ ತಪ್ಪಿಸಿದ ಹಾಗೆ. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಅದನ್ನು ಪ್ರಕಟಿಸಿತು; 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಾಣಂತಿ ರಕ್ತಸ್ರಾವ ತಡೆಯಲು ಆ ಗುಳಿಗೆಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಇದಕ್ಕೆ ಸೂಜಿ ಬೇಡ, ಫ್ರಿಜ್ ಬೇಡ. ದವಾಖಾನೆಗಳಲ್ಲಿ ಕೊಡುವ ಆಕ್ಸಿಟೋಸಿನ್ ಇಂಜೆಕ್ಷನ್ನನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಮೇ ತಿಂಗಳ 43 ಡಿಗ್ರಿ ಬಿಸಿಲಿಗೆ ಶಹಾಬಾದ ಫರಸಿ ಕಾದು ಸಿಡಿಯುವ ನಮ್ಮ ಸೀಮೆಯಲ್ಲಿ, ಕರೆಂಟು ಹೋದ ಉಪಕೇಂದ್ರದ ಫ್ರಿಜ್ಜಿನೊಳಗೆ ಆ ಔಷಧಿ ಎಷ್ಟು ದಿನ ಔಷಧಿಯಾಗಿ ಉಳಿದೀತು?

ಎರಡನೆಯ ಕಾಣಿಕೆ ಇನ್ನೂ ಸರಳ. ಒಂದು ಪ್ಲಾಸ್ಟಿಕ್ ಹಾಳೆ. ಹೆತ್ತವಳ ಸೊಂಟದ ಕೆಳಗೆ ಹಾಸಿ, ಎರಡು ದಾರದಿಂದ ಕಟ್ಟುತ್ತಾರೆ. ಅದರ ತುದಿ ಆಲಿಕೆಯಂತೆ ಕೆಳಗೆ ಇಳಿದು ಚೀಲವಾಗುತ್ತದೆ. ಚೀಲದ ಮೈಮೇಲೆ ಮಿಲಿ ಲೀಟರಿನ ಗೆರೆಗಳು. ರಕ್ತ ಎಷ್ಟು ಹೋಯಿತೆಂದು ನರ್ಸ್ ಅಂದಾಜು ಮಾಡಬೇಕಿಲ್ಲ, ಗೆರೆ ಓದಿದರೆ ಆಯಿತು. ಅಲ್ಲಿಯವರೆಗೆ ಕಣ್ಣಂದಾಜೇ ಗತಿ. ಆ ಕಣ್ಣಂದಾಜು ಹಾಳೆಯ ಅಳತೆಗಿಂತ ನೂರಕ್ಕೆ 33 ಕಡಿಮೆ ಬಂದಿತ್ತು. ಸೀರೆ, ಚಾಪೆ, ಹತ್ತಿ, ನೆಲ ಕುಡಿದ ರಕ್ತಕ್ಕೆ ಯಾರ ಲೆಕ್ಕವೂ ಇರಲಿಲ್ಲ. ಪ್ರಯೋಗದ ಸಲುವಾಗಿ ಮಾಡಿಕೊಂಡ ಅಳತೆಯ ಚೀಲವೇ ಪ್ರಯೋಗಕ್ಕಿಂತ ದೊಡ್ಡದಾಗಿ ಬೆಳೆಯಿತು.

ಇದೇ ಬಗೆಯ ಹಾಳೆಯನ್ನು ಇಟ್ಟುಕೊಂಡು ಕೀನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾದ 80 ಆಸ್ಪತ್ರೆಗಳಲ್ಲಿ 2,10,132 ಹೆರಿಗೆಗಳ ಮೇಲೆ ನಡೆದ ಅಧ್ಯಯನದ ಫಲ 2023ರಲ್ಲಿ ಹೊರಬಂತು. ಗೆರೆ ನೋಡಿ ಬೇಗ ಗುರುತಿಸಿ, ಹೊಟ್ಟೆ ನೀವುವುದು, ಆಕ್ಸಿಟೋಸಿನ್, ಟ್ರಾನೆಕ್ಸಾಮಿಕ್ ಆಮ್ಲ, ಸಲೈನ್, ಪರೀಕ್ಷೆ ಎಲ್ಲವನ್ನೂ ಒಂದಾದ ಮೇಲೊಂದಲ್ಲ, ಒಟ್ಟಿಗೇ ಮಾಡಿದರು. ಹಳೆಯ ರೀತಿಯಲ್ಲಿ ರಕ್ತಸ್ರಾವ ಆದವರಲ್ಲಿ ನೂರಕ್ಕೆ 51 ಜನರನ್ನಷ್ಟೇ ಗುರುತಿಸಿದ್ದರು. ಹಾಳೆ ಬಂದ ಮೇಲೆ 93. ಭಾರೀ ಸ್ರಾವದಂಥ ಗಂಡಾಂತರ 4.3ರಿಂದ 1.6ಕ್ಕೆ ಇಳಿಯಿತು. ಅಲ್ಲಿ ಯಾವ ಹೊಸ ಔಷಧಿಯೂ ಇರಲಿಲ್ಲ. ಇದ್ದ ಔಷಧಿಗಳನ್ನೇ, ಅಳತೆ ಹಿಡಿದು, ಹೊತ್ತಿಗೆ ಸರಿಯಾಗಿ ಕೊಟ್ಟದ್ದು. ವಿಶ್ವ ಆರೋಗ್ಯ ಸಂಸ್ಥೆಯ 2025ರ ಮಾರ್ಗಸೂಚಿಯಂತೆ 500ರ ಗೆರೆ ಮುಟ್ಟುವವರೆಗೆ ಕಾಯಬೇಕಾಗಿಲ್ಲ. 300 ದಾಟಿ ನಾಡಿ, ಬಿಪಿ ಕೆಟ್ಟಿದ್ದರೆ ಆಗಲೇ ಶುರು ಮಾಡಬೇಕು.

ಬೆಳಗಾವಿಯ ಆ ನೂರಕ್ಕೆ 12ನ್ನು ನಮ್ಮ 42 ಸಾವಿರಕ್ಕೆ ಹಿಡಿದರೆ, ಔಷಧಿಯೇ ಇಲ್ಲದಿದ್ದರೆ, ಕಲಬುರಗಿ ಜಿಲ್ಲೆಯಲ್ಲಿ ವರ್ಷಕ್ಕೆ ಐದು ಸಾವಿರ ಬಾಣಂತಿಯರು ಅರ್ಧ ಲೀಟರಿನ ಗೆರೆ ದಾಟುತ್ತಾರೆ. ದಿನಕ್ಕೆ ಹದಿನಾಲ್ಕು. ಅವರಲ್ಲಿ ಸಾಯುವವರು ಯಾರೆಂದು ಯಾವ ಡಾಕ್ಟರಿಗೂ ಮುಂಚೆ ಗೊತ್ತಾಗುವುದಿಲ್ಲ. ಹಾಗಾಗಿ ಹದಿನಾಲ್ಕೂ ಜನರಿಗೆ ತಯಾರಿರಬೇಕು.

ತಯಾರಿದ್ದೇವೆಯೇ? ಸಮುದಾಯ ಆರೋಗ್ಯ ಕೇಂದ್ರ ಎಂದರೆ ಹೆರಿಗೆ ತಜ್ಞರು, ಮಕ್ಕಳ ವೈದ್ಯರು, ಅರಿವಳಿಕೆಗೆ ವ್ಯವಸ್ಥೆ ಇರಬೇಕಾದ ಜಾಗ. ಕೇಂದ್ರ ಸರಕಾರದ್ದೇ 2021–22ರ ಅಂಕಿ ಪ್ರಕಾರ ದೇಶದ ಗ್ರಾಮೀಣ ಸಮುದಾಯ ಕೇಂದ್ರಗಳಲ್ಲಿ ಬೇಕಾದ ಹೆರಿಗೆ ತಜ್ಞರಲ್ಲಿ ನೂರಕ್ಕೆ 74 ಜನ ಇಲ್ಲ. ನಾಲ್ಕು ಕುರ್ಚಿಯಲ್ಲಿ ಮೂರು ಖಾಲಿ. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ಬಂದು ಹತ್ತು ವರ್ಷದ ಮೇಲಾಯಿತು. ಅದರ ನೆನಪಿಗೆ ಕಲಬುರಗಿಯಲ್ಲಿ 371 ಹಾಸಿಗೆಯ ಜಯದೇವ ಹೃದ್ರೋಗ ಆಸ್ಪತ್ರೆ 2024ರ ಡಿಸೆಂಬರಿನಲ್ಲಿ ತೆರೆಯಿತು. ಒಳ್ಳೆಯದೇ. ಸಂಖ್ಯೆಯನ್ನು ಹಾಸಿಗೆಯಾಗಿ ಮಾಡಿದ ಜಾಣತನವೂ ಮೆಚ್ಚುವಂಥದ್ದು. ಆದರೆ ಕಲಬುರಗಿಗೆ ಬಂದು ಮುಟ್ಟುವವರೆಗೆ ಬದುಕಿದ್ದವರಿಗಷ್ಟೇ ಕಲಬುರಗಿಯ ಹಾಸಿಗೆ. ಸುಲೇಪೇಟಕ್ಕೂ ಕೋಡ್ಲಿಗೂ ಬೇಕಾಗಿರುವುದು ರಾತ್ರಿ ಎರಡು ಗಂಟೆಗೆ ಎದ್ದು ಬರುವ ಒಬ್ಬ ಡಾಕ್ಟರು, ನಾಲ್ಕು ಬಾಟಲಿ ರಕ್ತ.

ದವಾಖಾನೆಗೆ ಮುಟ್ಟಿದ ಮಾತ್ರಕ್ಕೆ ಗೆದ್ದಂತೆಯೂ ಅಲ್ಲ ಎಂಬುದನ್ನು ಬಳ್ಳಾರಿ ತೋರಿಸಿತು. 2024ರ ನವೆಂಬರಿನಲ್ಲಿ ಅಲ್ಲಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಜರಿನ್ ಆದ ಐವರು ಬಾಣಂತಿಯರು ತೀರಿಕೊಂಡರು. ನರಕ್ಕೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಬಿತ್ತು. ಸರಕಾರ ಆ ದ್ರಾವಣದ ಬಳಕೆ ನಿಲ್ಲಿಸಿ, ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಐದೂ ಜನ ಹೇಳಿದ ಮಾತು ಕೇಳಿದವರು, ಆಸ್ಪತ್ರೆಗೇ ಬಂದವರು.

ಬಸುರು ಬಾಣಂತನ ಮುಗಿದ ಮೇಲಿನ ಹೆಣ್ಣಿಗೆ ಏನು ಸಿಗುತ್ತದೆ? ಇಲ್ಲಿ ಒಂದು ಸಂಖ್ಯೆ ಇದೆ, ಜಿಲ್ಲೆಗೆ ತಲೆ ತಗ್ಗಿಸುವಂಥದ್ದು. 2015ರಲ್ಲಿ ತನಿಖಾ ಸಮಿತಿ ಕಲಬುರಗಿಯ ನಾಲ್ಕು ಖಾಸಗಿ ಆಸ್ಪತ್ರೆಗಳ ದಾಖಲೆ ತೆರೆದಾಗ 2,258 ಗರ್ಭಕೋಶ ತೆಗೆದ ಶಸ್ತ್ರಚಿಕಿತ್ಸೆಗಳು ಕಂಡವು. ಅರ್ಧಕ್ಕೂ ಹೆಚ್ಚು ಹೆಂಗಸರು ನಲವತ್ತು ದಾಟಿರಲಿಲ್ಲ. ಹೊಟ್ಟೆನೋವು, ಬಿಳಿ ಸೆರಗು, ಮುಟ್ಟಿನ ತೊಂದರೆ ಎಂದು ಹೋದವರಿಗೆ, ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ ಎಂದು ಹೆದರಿಸಿದ್ದರೆಂದು ಅವರು ಹೇಳಿದರು. 2017ರ ಫೆಬ್ರುವರಿಯಲ್ಲಿ ಕಲಬುರಗಿಯ ಬೀದಿಗೆ ಇಳಿದು ನ್ಯಾಯ ಕೇಳಿದವರಲ್ಲಿ ಬಹಳಷ್ಟು ಜನ ಲಂಬಾಣಿ ತಾಂಡಾಗಳ, ದಲಿತ ಕೇರಿಗಳ ಹೆಣ್ಣುಮಕ್ಕಳು. ಒಂದು ವಾರದ ಗುಳಿಗೆಯಲ್ಲಿ ವಾಸಿಯಾಗಬಹುದಾದ ಸೋಂಕಿಗೆ ಊರ ಹತ್ತಿರ ಕೇಳುವವರಿಲ್ಲ. ನಗರಕ್ಕೆ ಹೋದರೆ ನೇರ ಕತ್ತರಿ. ಈ ಎರಡರ ನಡುವಿನ ಖಾಲಿ ಜಾಗದಲ್ಲಿ 2,258 ಗರ್ಭಕೋಶಗಳು ಹೋದವು.

ದುಡ್ಡಿನ ಲೆಕ್ಕ ಒಂದು ಉಳಿದಿದೆ. ವಾಡಿ, ಶಹಾಬಾದ, ಸೇಡಂ ಸಿಮೆಂಟಿನ ಸೀಮೆ. ಕಾರ್ಖಾನೆಯ ಕಚೇರಿಯಲ್ಲಿ ಕಾಯಂ ಕೆಲಸ ಮಾಡುವ ಹೆಣ್ಣುಮಗಳಿಗೆ 2017ರಿಂದ 26 ವಾರ, ಅಂದರೆ 182 ದಿನ ಸಂಬಳ ಸಹಿತ ಹೆರಿಗೆ ರಜೆ. ಅದೇ ವರ್ಷ ಜಾರಿಗೆ ಬಂದ ಮಾತೃವಂದನಾ ಯೋಜನೆಯಲ್ಲಿ ಕಾರ್ಖಾನೆ ಗೋಡೆಯ ಆಚೆ ತೊಗರಿ ರಾಶಿ ಮಾಡುವ ಕೂಲಿ ಹೆಣ್ಣಿಗೆ ಮೊದಲ ಕೂಸಿಗೆ 5,000 ರೂಪಾಯಿ. 182 ದಿನಕ್ಕೆ ಹಂಚಿದರೆ ದಿನಕ್ಕೆ 27 ರೂಪಾಯಿ ಚಿಲ್ಲರೆ. 2025ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ಇತ್ತು. ಸರಕಾರದ್ದೇ ಕೂಲಿ ದರದಲ್ಲಿ ಸರಕಾರದ್ದೇ ಸಹಾಯಧನ ಹದಿನಾಲ್ಕು ದಿನಕ್ಕೂ ಸಾಲದು. ಹದಿನೈದನೆಯ ದಿನ ಹಸಿ ಬಾಣಂತಿ ಹೊಲಕ್ಕೋ, ಗುಳೆ ಹೋದ ಗಂಡನ ಹಿಂದೆ ಪುಣೆ, ಮುಂಬೈ, ಹೈದರಾಬಾದಿಗೋ ಹೊರಟರೆ ಯಾರನ್ನು ಬೈಯುವುದು?

ಬೈಗುಳ ಇರಲಿ. ಓದುವವರಿಗೆ ಒಂದು ಮಾತು. ಪ್ರತಿ ತಿಂಗಳ 9ನೇ ತಾರೀಖು ಸರಕಾರಿ ದವಾಖಾನೆಗಳಲ್ಲಿ ಬಸುರಿಯರಿಗೆ ಡಾಕ್ಟರಿಂದ ಪುಕ್ಕಟೆ ತಪಾಸಣೆ ಇರುತ್ತದೆ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ, ನಿಮ್ಮ ಹೊಲಕ್ಕೆ ಕೂಲಿಗೆ ಬರುವವರಲ್ಲಿ ಬಸುರಿಯರಿದ್ದರೆ ಅವತ್ತಿನ ಕೂಲಿ ಕೊಟ್ಟು ಕಳಿಸಿ. ತಾಯಿ ಕಾರ್ಡಿನಲ್ಲಿ ಬಿಪಿ ಬರೆದಿದ್ದಾರೋ, ಹಿಮೋಗ್ಲೋಬಿನ್ ಬರೆದಿದ್ದಾರೋ ನೋಡಿ. ಖಾಲಿ ಇದ್ದರೆ ಬರೆಯಿಸಿ. 7ಕ್ಕಿಂತ ಕಡಿಮೆ ಇದ್ದರೆ ಮುಂದಿನ 9ರವರೆಗೆ ಕಾಯದೆ ಅವತ್ತೇ ತಾಲೂಕು ಆಸ್ಪತ್ರೆಗೆ ಒಯ್ಯಿರಿ. ಎಂಟು ತಿಂಗಳು ತುಂಬುವಷ್ಟರಲ್ಲಿ ಎಲ್ಲಿ ಹೆರುವುದು, ಯಾವ ಗಾಡಿ, ರಕ್ತ ಕೊಡುವವರು ಯಾರು ಎಂಬುದು ಮನೆಯವರಿಗೆಲ್ಲ ಗೊತ್ತಿರಲಿ. ಬೇನೆ ಶುರುವಾದರೆ ಹಿರಿಯರ ತೀರ್ಮಾನಕ್ಕೆ ಕಾಯದೆ 108ಕ್ಕೆ ಫೋನ್ ಹಚ್ಚಿ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ.